ಗ್ರಾಫಿಕ್ಸ್ ಪ್ರೋಗ್ರಾಂನಿಂದ ವಿಡಿಯೋ ತೆಗೆಯುವುದು ಹೇಗೆ: ಗಡಿಯಾರ ಬಿಡಿ, ಫ್ರೇಮ್ ಎಣಿಸಿ

ನೀವೊಂದು ಗ್ರಾಫಿಕ್ಸ್ ಪ್ರೋಗ್ರಾಂ ಬರೆದಿದ್ದೀರಿ. ಓಪನ್‌ಜಿಎಲ್‌ನಲ್ಲೋ, ಪ್ರೊಸೆಸಿಂಗ್‌ನಲ್ಲೋ, ಬ್ರೌಸರ್‌ನ ಕ್ಯಾನ್ವಾಸ್‌ನಲ್ಲೋ, ಯಾವುದಾದರೂ ಸರಿ. ಕಣಗಳು ಸುತ್ತುತ್ತಿವೆ, ನೀರು ಅಲೆಯಾಡುತ್ತಿದೆ, ಪರದೆಯ ಮೇಲೆ ಎಲ್ಲ ನುಣುಪಾಗಿ ಓಡುತ್ತಿದೆ. ಈಗ ಅದನ್ನು ಬೇರೆಯವರಿಗೆ ತೋರಿಸಬೇಕು. ಸ್ಕ್ರೀನ್ ರೆಕಾರ್ಡರ್ ಹಾಕಿ ಒಂದು ನಿಮಿಷ ಹಿಡಿದರೆ ಮುಗೀತಲ್ಲ ಅನ್ನಿಸುತ್ತದೆ. ಆದರೆ ಹಿಡಿದ ವಿಡಿಯೋ ಹಾಕಿ ನೋಡಿದರೆ ಅಲ್ಲಲ್ಲಿ ತಡವರಿಸುತ್ತದೆ, ಬಣ್ಣ ಸ್ವಲ್ಪ ಬೇರೆಯಾಗಿದೆ, ತೆಳು ಗೆರೆಗಳ ಅಂಚು ಕಲಸಿಹೋಗಿದೆ.

ಇದಕ್ಕೆ ಕಂಪ್ಯೂಟರ್ ಹಳೆಯದು ಅಂತ ಬೈಯಬೇಕಾಗಿಲ್ಲ. ದಾರಿಯೇ ಬೇರೆ ಇದೆ. ಪ್ರೋಗ್ರಾಂ ನಿಮ್ಮದೇ ಆಗಿದ್ದರೆ, ಅದರ ಕೈಯಲ್ಲೇ ಒಂದೊಂದು ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರ, ಬರೆಸಿ, ಆಮೇಲೆ ಅವನ್ನು ವಿಡಿಯೋ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಸ್ವಲ್ಪ ಕೆಲಸ ಜಾಸ್ತಿ, ಆದರೆ ಒಮ್ಮೆ ಕೂಡಿಸಿಟ್ಟರೆ ಮುಂದೆ ಎಷ್ಟು ಸಲ ಬೇಕಾದರೂ ಬಳಸಬಹುದು.

ಸ್ಕ್ರೀನ್ ರೆಕಾರ್ಡರ್ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಆಟ ಆಡುತ್ತಿರುವುದನ್ನು ಹಿಡಿಯಬೇಕು, ಒಂದು ಸಾಫ್ಟ್‌ವೇರ್ ಬಳಸುವುದನ್ನು ಮಾತಾಡುತ್ತಾ ತೋರಿಸಬೇಕು ಅಂದರೆ ಓಬಿಎಸ್ ಸ್ಟುಡಿಯೋ ಥರದ ರೆಕಾರ್ಡರ್ ಸಾಕು, ಅದೇ ಸರಿ ಕೂಡ. ಅಲ್ಲಿ ನಿಜವಾದ ಸಮಯದಲ್ಲಿ ಆದದ್ದೇ ಮುಖ್ಯ. ತೊಂದರೆ ಬರುವುದು ಚಿತ್ರವೇ ಮುಖ್ಯವಾದಾಗ. ನಿಮ್ಮ ಪ್ರೋಗ್ರಾಂ ತನ್ನ ಲೆಕ್ಕದಲ್ಲಿ ಸೆಕೆಂಡಿಗೆ 60 ಫ್ರೇಮ್ ಬಿಡಿಸುತ್ತದೆ, ರೆಕಾರ್ಡರ್ ತನ್ನ ಲೆಕ್ಕದಲ್ಲಿ 60 ಸಲ ಹಿಡಿಯುತ್ತದೆ, ಈ ಎರಡೂ ಒಂದೇ ತಾಳಕ್ಕೆ ನಡೆಯುವುದಿಲ್ಲ. ಹಾಗಾಗಿ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಇನ್ನೊಂದು ಬಿಟ್ಟೇಹೋಗುತ್ತದೆ. ಅದರ ಮೇಲೆ ಒಂದೇ ಯಂತ್ರ ಚಿತ್ರವನ್ನೂ ಬಿಡಿಸಬೇಕು, ವಿಡಿಯೋವನ್ನೂ ಕುಗ್ಗಿಸಬೇಕು. ದೃಶ್ಯ ಭಾರವಾದ ಕಡೆಯೇ ರೆಕಾರ್ಡಿಂಗ್ ಕೂಡ ಮುಗ್ಗರಿಸುತ್ತದೆ. ಅಂದರೆ ನೀವು ಯಾವ ಜಾಗ ಚೆನ್ನಾಗಿ ತೋರಿಸಬೇಕು ಅಂದುಕೊಂಡಿದ್ದಿರೋ ಅದೇ ಜಾಗದಲ್ಲಿ.

ಮೊದಲ ಕೆಲಸ: ಸಮಯವನ್ನು ನೀವೇ ಕೊಡುವುದು

ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ವಿಡಿಯೋ ನೋಡುವುದಕ್ಕೆ ಎಷ್ಟು ಹೊತ್ತು ಬೇಕೋ, ಮಾಡುವುದಕ್ಕೂ ಅಷ್ಟೇ ಹೊತ್ತು ಆಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಹೆಚ್ಚಿನ ಪ್ರೋಗ್ರಾಂಗಳಲ್ಲಿ ಚಲನೆಯನ್ನು ಹೀಗೆ ಬರೆದಿರುತ್ತಾರೆ: ಹಿಂದಿನ ಫ್ರೇಮ್ ಆದಮೇಲೆ ಎಷ್ಟು ಸಮಯ ಕಳೆಯಿತು ಅಂತ ಸಿಸ್ಟಂ ಗಡಿಯಾರವನ್ನು ಕೇಳುವುದು, ಅಷ್ಟಕ್ಕೆ ತಕ್ಕಂತೆ ವಸ್ತುವನ್ನು ಸರಿಸುವುದು. ಪರದೆಯ ಮೇಲೆ ಓಡಿಸುವಾಗ ಇದು ಸರಿಯಾದ ಕ್ರಮ. ಒಂದು ಚೆಂಡು ಸೆಕೆಂಡಿಗೆ 600 ಪಿಕ್ಸೆಲ್ ಚಲಿಸುತ್ತದೆ ಅಂದುಕೊಳ್ಳಿ. 60 ಫ್ರೇಮ್ ವೇಗದಲ್ಲಿ ಒಂದೊಂದು ಫ್ರೇಮಿಗೆ 10 ಪಿಕ್ಸೆಲ್ ಸರಿಯುತ್ತದೆ. ಈಗ ಪ್ರತಿ ಫ್ರೇಮನ್ನೂ ಡಿಸ್ಕಿಗೆ ಬರೆಯಲು ಶುರು ಮಾಡಿದಿರಿ, ಒಂದು ಫ್ರೇಮಿಗೆ 150 ಮಿಲಿಸೆಕೆಂಡ್ ಹಿಡಿಯುತ್ತಿದೆ. ಗಡಿಯಾರ ನಿಮ್ಮನ್ನು ಕಾಯುವುದಿಲ್ಲ. ಚೆಂಡು ಪ್ರತಿ ಫ್ರೇಮಿಗೆ 90 ಪಿಕ್ಸೆಲ್ ಹಾರುತ್ತದೆ. ಆ ಫ್ರೇಮ್‌ಗಳನ್ನು ಜೋಡಿಸಿ 60ರ ವೇಗದಲ್ಲಿ ಹಾಕಿದರೆ ಚೆಂಡು ಒಂಬತ್ತು ಪಟ್ಟು ಜೋರಾಗಿ ಓಡುತ್ತದೆ, ಅದೂ ನೆಗೆಯುತ್ತಾ. ಬರೆಯುವ ಸಮಯ ಒಂದೊಂದು ಫ್ರೇಮಿಗೆ ಒಂದೊಂದು ಥರ ಇರುವುದರಿಂದ ನೆಗೆತವೂ ಒಂದೇ ಸಮ ಇರುವುದಿಲ್ಲ.

ಪರಿಹಾರ ತುಂಬ ಸುಲಭ. ರೆಕಾರ್ಡಿಂಗ್ ಮೋಡ್ ಅಂತ ಒಂದು ಸ್ವಿಚ್ ಇಡಿ. ಅದು ಆನ್ ಆಗಿದ್ದಾಗ ಗಡಿಯಾರ ಕೇಳಲೇಬೇಡಿ. ಸಮಯ ಅಂದರೆ ಫ್ರೇಮ್ ಸಂಖ್ಯೆಯನ್ನು 60ರಿಂದ ಭಾಗಿಸಿದಾಗ ಬರುವುದು, ಅಷ್ಟೇ. 0ನೇ ಫ್ರೇಮ್ 0 ಸೆಕೆಂಡ್, 90ನೇ ಫ್ರೇಮ್ ಒಂದೂವರೆ ಸೆಕೆಂಡ್. ಒಂದು ಫ್ರೇಮ್ ಬಿಡಿಸಲು ಐದು ಸೆಕೆಂಡ್ ಹಿಡಿದರೂ ಪರವಾಗಿಲ್ಲ. ಹತ್ತು ಸೆಕೆಂಡಿನ ವಿಡಿಯೋಗೆ 600 ಫ್ರೇಮ್, ಅಂದರೆ 50 ನಿಮಿಷ ಯಂತ್ರ ಓಡುತ್ತದೆ. ನೋಡುವವರಿಗೆ ಸಿಗುವುದು ಮಾತ್ರ ಹತ್ತು ಸೆಕೆಂಡಿನ ನುಣುಪಾದ ಚಲನೆ. ಜೇಡಿಮಣ್ಣಿನ ಗೊಂಬೆಗಳನ್ನು ಚೂರುಚೂರೇ ಸರಿಸಿ ಫೋಟೋ ತೆಗೆದು ಸಿನಿಮಾ ಮಾಡುತ್ತಾರಲ್ಲ, ಅದೂ ಇದೇ ಲೆಕ್ಕ.

ಇಷ್ಟು ಮಾಡಿದ ಮೇಲೆ ಒಂದು ದೊಡ್ಡ ಬಿಡುಗಡೆ ಸಿಗುತ್ತದೆ. ನಿಮ್ಮ ಯಂತ್ರಕ್ಕೆ ನೇರವಾಗಿ ಓಡಿಸಲು ಆಗದ ದೃಶ್ಯವನ್ನೂ ರೆಕಾರ್ಡ್ ಮಾಡಬಹುದು. ಕಣಗಳನ್ನು ಹತ್ತು ಪಟ್ಟು ಮಾಡಿ, ನೆರಳಿನ ಗುಣಮಟ್ಟ ಏರಿಸಿ, 4ಕೆ ಅಳತೆಗೆ ಹೋಗಿ. ನಿಧಾನ ಆಗುತ್ತದೆ, ಕೆಡುವುದಿಲ್ಲ.

ಗಡಿಯಾರ ಇನ್ನೂ ಎಲ್ಲೆಲ್ಲಿ ಅಡಗಿ ಕೂತಿದೆ ಅಂತ ಹುಡುಕಬೇಕು. ಶೇಡರ್‌ಗೆ (ಗ್ರಾಫಿಕ್ಸ್ ಕಾರ್ಡಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಕಳಿಸುವ ಸಮಯ ಒಂದು ಜಾಗ. ಭೌತಿಕ ಸಿಮ್ಯುಲೇಶನ್ ಇನ್ನೊಂದು. ಅದು ಸೆಕೆಂಡಿಗೆ 240 ಹೆಜ್ಜೆ ಇಡುತ್ತಿದ್ದರೆ ಪ್ರತಿ ಫ್ರೇಮಿಗೆ ಸರಿಯಾಗಿ ನಾಲ್ಕು ಹೆಜ್ಜೆ ಇಡಿಸಿ. ಹಿನ್ನೆಲೆಯಲ್ಲಿ ಟೆಕ್ಸ್ಚರ್ ಲೋಡ್ ಮಾಡುವ ಥ್ರೆಡ್ ಇದ್ದರೆ, ರೆಕಾರ್ಡಿಂಗ್ ಮೋಡ್‌ನಲ್ಲಿ ಅದು ಮುಗಿಯುವವರೆಗೆ ಕಾಯಿರಿ, ಇಲ್ಲದಿದ್ದರೆ ಅರ್ಧ ಬಂದ ಚಿತ್ರಗಳು ವಿಡಿಯೋದಲ್ಲಿ ಉಳಿದುಬಿಡುತ್ತವೆ. ಯಾದೃಚ್ಛಿಕ ಸಂಖ್ಯೆಗಳಿಗೆ ಸೀಡ್, ಅಂದರೆ ಅವು ಶುರುವಾಗುವ ಬೆಲೆ, ಒಂದೇ ಇಡಿ. ಆಗ 1,200ನೇ ಫ್ರೇಮ್‌ನಲ್ಲಿ ಏನೋ ತಪ್ಪು ಕಂಡು ಸರಿ ಮಾಡಿ ಮತ್ತೆ ಓಡಿಸಿದಾಗ ಉಳಿದದ್ದೆಲ್ಲ ಮೊದಲಿನಂತೆಯೇ ಬರುತ್ತದೆ. ಮೌಸ್‌ನಿಂದ ಕ್ಯಾಮೆರಾ ತಿರುಗಿಸಬೇಕು ಅಂದರೆ ಎರಡು ಹಂತದಲ್ಲಿ ಮಾಡಿ: ಮೊದಲು ಮಾಮೂಲಿ ವೇಗದಲ್ಲಿ ತಿರುಗಿಸುತ್ತಾ ಕ್ಯಾಮೆರಾದ ಜಾಗವನ್ನು ಸಮಯದ ಜೊತೆ ಒಂದು ಫೈಲಿಗೆ ಬರೆದುಕೊಳ್ಳಿ, ಆಮೇಲೆ ರೆಕಾರ್ಡಿಂಗ್ ಮೋಡ್‌ನಲ್ಲಿ ಆ ಫೈಲ್ ಓದಿಕೊಂಡು ಹೋಗಿ.

ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಕ್ಯಾನ್ವಾಸ್‌ನ ಕ್ಯಾಪ್ಚರ್‌ಸ್ಟ್ರೀಮ್ ಮತ್ತು ಮೀಡಿಯಾರೆಕಾರ್ಡರ್ ಜೋಡಿ ಬಳಸಲು ತುಂಬ ಸುಲಭ, ಆದರೆ ಅದು ನಿಜವಾದ ಸಮಯಕ್ಕೇ ಕಟ್ಟಿಬಿದ್ದಿದೆ, ಆದ್ದರಿಂದ ಸ್ಕ್ರೀನ್ ರೆಕಾರ್ಡರ್‌ನ ಕಷ್ಟವೇ ಅಲ್ಲೂ ಇರುತ್ತದೆ. ವೆಬ್‌ಕೋಡೆಕ್ಸ್‌ನ ವಿಡಿಯೋಎನ್‌ಕೋಡರ್ ಹಾಗಲ್ಲ. ಪ್ರತಿ ಫ್ರೇಮಿಗೂ ಅದರ ಸಮಯವನ್ನು ಮೈಕ್ರೋಸೆಕೆಂಡ್‌ನಲ್ಲಿ ನೀವೇ ಹೇಳಬಹುದು. ಅಲ್ಲಿಗೆ ಗಡಿಯಾರ ನಿಮ್ಮ ಕೈಗೆ ಬಂತು.

ಪಿಕ್ಸೆಲ್‌ಗಳನ್ನು ಹೊರಗೆ ತರುವುದು

ಚಿತ್ರ ಇರುವುದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ. ಅದನ್ನು ಸಾಮಾನ್ಯ ಮೆಮೊರಿಗೆ ತರಬೇಕು. ಓಪನ್‌ಜಿಎಲ್‌ನಲ್ಲಿ ಇದಕ್ಕೆ ಜಿಎಲ್‌ರೀಡ್‌ಪಿಕ್ಸೆಲ್ಸ್ ಇದೆ. ಕರೆಯುವುದು ಒಂದೇ ಸಾಲು, ಆದರೆ ಅದರ ಸುತ್ತ ಎಡವಿ ಬೀಳುವ ಗುಂಡಿಗಳು ಬಹಳ, ಒಂದೊಂದೂ ಬೇರೆ ಬೇರೆ ಥರ ಚಿತ್ರ ಕೆಡಿಸುತ್ತದೆ. ಕೆಟ್ಟ ಚಿತ್ರದ ಮುಖ ನೋಡಿಯೇ ಕಾರಣ ಹೇಳಬಹುದಾದ್ದರಿಂದ ಇವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿತ್ರ ತಲೆಕೆಳಗಾಗಿ ಬಂತಾ? ಓಪನ್‌ಜಿಎಲ್ ಕೆಳಗಿನ ಎಡ ಮೂಲೆಯಿಂದ ಎಣಿಸುತ್ತದೆ, ಹೆಚ್ಚಿನ ಚಿತ್ರ ಫೈಲ್‌ಗಳು ಮೇಲಿನ ಎಡ ಮೂಲೆಯಿಂದ. ಸಾಲುಗಳನ್ನು ಹಿಂದುಮುಂದು ಮಾಡಿ ಬರೆಯಿರಿ, ಅಥವಾ ವಿಡಿಯೋ ಮಾಡುವಾಗ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಧನದ ವಿಫ್ಲಿಪ್ ಫಿಲ್ಟರ್ ಹಾಕಿ.

ಕೆಂಪು ಇರಬೇಕಾದ ಕಡೆ ನೀಲಿ ಬಂದಿದ್ದರೆ ಬಣ್ಣಗಳ ಕ್ರಮ ಅದಲುಬದಲಾಗಿದೆ. ಒಂದು ಕಡೆ ಕೆಂಪು-ಹಸಿರು-ನೀಲಿ, ಇನ್ನೊಂದು ಕಡೆ ನೀಲಿ-ಹಸಿರು-ಕೆಂಪು ಅಂತ ಓದುತ್ತಿದೆ. ಹಸಿರು ನಡುವೆ ಇರುವುದರಿಂದ ಅದು ಮಾತ್ರ ಸರಿಯಾಗಿ ಕಾಣುತ್ತದೆ, ಗುರುತು ಹಿಡಿಯಲು ಇಷ್ಟು ಸಾಕು.

ಚಿತ್ರ ಓರೆಯಾಗಿ, ಜಾರಿದ ಹಾಗೆ ಬಂದಿದ್ದರೆ ಅದು ಸಾಲಿನ ಅಳತೆಯ ತೊಂದರೆ. ಇದನ್ನು ಹತ್ತಿರದಿಂದ ನೋಡೋಣ. ಚಿತ್ರದ ಅಗಲ 854 ಪಿಕ್ಸೆಲ್, ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಅಂತ ಕೇಳಿದ್ದೀರಿ. ಒಂದು ಸಾಲಿಗೆ 2,562 ಬೈಟ್ ಆಗಬೇಕು. ಆದರೆ ಓಪನ್‌ಜಿಎಲ್ ತಾನಾಗಿ ಪ್ರತಿ ಸಾಲನ್ನೂ ನಾಲ್ಕರ ಗುಣಕದಲ್ಲಿ ಶುರು ಮಾಡುತ್ತದೆ. 2,562 ನಾಲ್ಕರಿಂದ ಭಾಗವಾಗುವುದಿಲ್ಲ, ಹಾಗಾಗಿ ಎರಡು ಬೈಟ್ ಸುಮ್ನೆ ಬಿಟ್ಟು 2,564ರಲ್ಲಿ ಮುಂದಿನ ಸಾಲು ಶುರುವಾಗುತ್ತದೆ. ನಿಮ್ಮ ಕೋಡ್‌ಗೆ ಇದು ಗೊತ್ತಿಲ್ಲ, ಅದು 2,562 ಅಂತಲೇ ಓದುತ್ತಾ ಹೋಗುತ್ತದೆ. ಎರಡನೇ ಸಾಲು ಎರಡು ಬೈಟ್ ಸರಿಯುತ್ತದೆ, ಮೂರನೆಯದು ನಾಲ್ಕು, ನೂರನೆಯದು 198. ಬೈಟ್ ಸರಿದಂತೆ ಕೆಂಪು-ಹಸಿರು-ನೀಲಿಯ ಜಾಗವೂ ತಿರುಗುತ್ತಾ ಹೋಗುವುದರಿಂದ ಓರೆಯ ಜೊತೆ ಬಣ್ಣದ ಪಟ್ಟೆಗಳೂ ಬರುತ್ತವೆ. ಅದಲ್ಲದೆ ಸಾಲಿಗೆ 2,562ರ ಲೆಕ್ಕದಲ್ಲಿ ನೀವು ಜಾಗ ಇಟ್ಟಿದ್ದರೆ ಓಪನ್‌ಜಿಎಲ್ ಅದರ ಆಚೆಗೂ ಬರೆದುಬಿಡುತ್ತದೆ, ಪ್ರೋಗ್ರಾಂ ಎಲ್ಲೋ ಒಂದು ಕಡೆ ಬಿದ್ದುಹೋಗಬಹುದು. ಪ್ಯಾಕ್ ಅಲೈನ್‌ಮೆಂಟ್ ಅನ್ನುವ ಸೆಟ್ಟಿಂಗನ್ನು 1 ಮಾಡಿದರೆ ಸರಿಹೋಗುತ್ತದೆ. ನನ್ನ ಸಲಹೆ ಕೇಳಿದರೆ, ನಾಲ್ಕು ಬೈಟ್‌ನ ಆರ್‌ಜಿಬಿಎ ಆಗಿಯೇ ಓದಿಬಿಡಿ. ಈ ತೊಂದರೆ ಹುಟ್ಟುವುದೇ ಇಲ್ಲ.

ಆದರೆ ನಾಲ್ಕನೇ ಬೈಟ್, ಅಂದರೆ ಆಲ್ಫಾ, ತನ್ನದೇ ಒಂದು ತಂಟೆ ತರುತ್ತದೆ. ಕಿಟಕಿಯಲ್ಲಿ ಸರಿಯಾಗಿ ಕಂಡ ಚಿತ್ರ ಪಿಎನ್‌ಜಿ ತೆರೆದಾಗ ಹೊಗೆ, ಗಾಜು ಇರುವ ಕಡೆಯೆಲ್ಲ ತೂತು ಬಿದ್ದ ಹಾಗೆ ಪಾರದರ್ಶಕ ಆಗಿರುತ್ತದೆ. ಬ್ಲೆಂಡ್ ಮಾಡುವಾಗ ಆಲ್ಫಾ ಬೆಲೆಯೂ ಕಡಿಮೆಯಾಗಿ ಬಫರ್‌ನಲ್ಲಿ ಉಳಿದಿರುತ್ತದೆ. ಮಾಮೂಲಿ ಕಿಟಕಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪಿಎನ್‌ಜಿ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ. ಫೈಲಿಗೆ ಬರೆಯುವ ಮೊದಲು ಆಲ್ಫಾವನ್ನು ಎಲ್ಲ ಕಡೆ 255 ಮಾಡಿ.

ಚಿತ್ರದ ಕಾಲು ಭಾಗ ಮಾತ್ರ ಬಂದಿದ್ದರೆ ಅದು ಪಿಕ್ಸೆಲ್ ದಟ್ಟವಾಗಿರುವ ಪರದೆಗಳ ಲಕ್ಷಣ. ಅಂಥ ಪರದೆಯಲ್ಲಿ ಕಿಟಕಿಯ ಅಳತೆ ಬೇರೆ, ಫ್ರೇಮ್‌ಬಫರ್‌ನ ನಿಜವಾದ ಪಿಕ್ಸೆಲ್ ಅಳತೆ ಬೇರೆ. ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಬೇಕು. ಪೂರ್ತಿ ಕಪ್ಪು ಅಥವಾ ಖಾಲಿ ಚಿತ್ರ ಬಂದರೆ ಓದಿದ ಹೊತ್ತು ತಪ್ಪಿದೆ ಅಂತ ಮೊದಲು ಅನುಮಾನ ಪಡಿ. ಬಿಡಿಸಿ ಮುಗಿದ ಮೇಲೆ, ಬಫರ್ ಸ್ವಾಪ್ ಆಗುವ (ಹಿಂಬದಿಯಲ್ಲಿ ಬಿಡಿಸಿದ ಚಿತ್ರ ಪರದೆಗೆ ಹೋಗುವ) ಮೊದಲು ಓದಬೇಕು, ಯಾಕೆಂದರೆ ಸ್ವಾಪ್ ಆದಮೇಲೆ ಹಿಂಬದಿಯ ಬಫರ್‌ನಲ್ಲಿ ಏನಿರುತ್ತದೆ ಅನ್ನುವುದಕ್ಕೆ ಯಾವ ಖಾತರಿಯೂ ಇಲ್ಲ. ವೆಬ್‌ಜಿಎಲ್‌ನಲ್ಲೂ ಇದೇ ಕಥೆ: ಬಿಡಿಸಿದ ಅದೇ ಕಾಲ್‌ಬ್ಯಾಕ್‌ನಲ್ಲಿ ಓದದೆ ಆಮೇಲೆ ಓದಿದರೆ ಖಾಲಿ ಸಿಗುತ್ತದೆ.

ಇನ್ನೊಂದು ಗುಂಡಿ ಇದೆ, ಇದು ಕಣ್ಣಿಗೆ ಬೇಗ ಬೀಳುವುದಿಲ್ಲ. ಕಿಟಕಿಯ ಮೇಲೆ ಬೇರೊಂದು ಕಿಟಕಿ ಬಂದು ಕೂತರೆ, ಮುಚ್ಚಿದ ಜಾಗದ ಪಿಕ್ಸೆಲ್‌ಗಳು ಸರಿಯಾಗಿರುತ್ತವೆ ಅಂತ ಓಪನ್‌ಜಿಎಲ್ ಮಾತು ಕೊಡುವುದಿಲ್ಲ. ಅದಕ್ಕೇ ಕಿಟಕಿಗೆ ಬಿಡಿಸುವ ಬದಲು ಫ್ರೇಮ್‌ಬಫರ್ ಆಬ್ಜೆಕ್ಟ್‌ಗೆ, ಅಂದರೆ ಪರದೆಯ ಹಂಗಿಲ್ಲದ ಒಂದು ಬಫರ್‌ಗೆ ಬಿಡಿಸುವುದು ಒಳ್ಳೆಯದು. ಇದು 2008ರ ಓಪನ್‌ಜಿಎಲ್ 3.0ರಿಂದ ಮೂಲ ಭಾಗವೇ ಆಗಿದೆ. ಲಾಭ ಎರಡು. ಆ ಕಿಟಕಿಯ ಮೇಲೆ ಇನ್ನೊಂದು ಕಿಟಕಿ ತೆರೆದು ಬೇರೆ ಕೆಲಸ ಮಾಡಿಕೊಂಡಿರಬಹುದು. ಮತ್ತೆ ಅಳತೆ ಪರದೆಗಿಂತ ದೊಡ್ಡದಾಗಿರಬಹುದು: ನಿಮ್ಮ ಮಾನಿಟರ್ 1920 ಬೈ 1080 ಇದ್ದರೂ ವಿಡಿಯೋ 3840 ಬೈ 2160 ಮಾಡಬಹುದು. ಅಂಚು ನುಣುಪು ಮಾಡುವ ಮಲ್ಟಿಸ್ಯಾಂಪಲ್ ಬಳಸಿದ್ದರೆ ಅದರಿಂದ ನೇರವಾಗಿ ಓದಲು ಬರುವುದಿಲ್ಲ, ಮೊದಲು ಒಂದು ಸಾಮಾನ್ಯ ಬಫರ್‌ಗೆ ಬ್ಲಿಟ್ (ನಕಲು) ಮಾಡಿ ಅಲ್ಲಿಂದ ಓದಿ.

ವೇಗದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜಿಎಲ್‌ರೀಡ್‌ಪಿಕ್ಸೆಲ್ಸ್ ಕರೆದಾಗ ಕಾರ್ಡ್ ಕೈಯಲ್ಲಿರುವ ಕೆಲಸ ಎಲ್ಲ ಮುಗಿಸುವವರೆಗೆ ಪ್ರೋಗ್ರಾಂ ಕಾಯುತ್ತದೆ. ಇದನ್ನು ತಪ್ಪಿಸಲು ಪಿಕ್ಸೆಲ್ ಬಫರ್ ಆಬ್ಜೆಕ್ಟ್ ಇದೆ. ಈ ಫ್ರೇಮಿನ ಪಿಕ್ಸೆಲ್ ಒಂದು ಬಫರ್‌ಗೆ ಬರುತ್ತಿರಲಿ ಅಂತ ಬಿಟ್ಟು, ಹಿಂದಿನ ಫ್ರೇಮಿನದನ್ನು ಇನ್ನೊಂದರಿಂದ ತೆಗೆದುಕೊಳ್ಳುವ ವ್ಯವಸ್ಥೆ. ನಿಜ ಸಮಯದಲ್ಲಿ ಹಿಡಿಯುವವರಿಗೆ ಇದು ಬೇಕೇ ಬೇಕು. ಸಮಯವನ್ನು ನೀವೇ ಕೊಡುತ್ತಿದ್ದರೆ ಮೊದಲ ದಿನವೇ ಇದಕ್ಕೆ ಕೈಹಾಕಬೇಡಿ, ಮಾಮೂಲಿ ದಾರಿ ಸಾಕು. ನಿಧಾನ ಆಗುವುದು ಹೆಚ್ಚಾಗಿ ಪಿಎನ್‌ಜಿ ಕುಗ್ಗಿಸುವುದರಲ್ಲಿ, ಓದುವುದರಲ್ಲಿ ಅಲ್ಲ.

ಎಲ್ಲಿ ಇಡುವುದು

1920 ಬೈ 1080 ಅಳತೆಯ ಒಂದು ಫ್ರೇಮ್, ಪಿಕ್ಸೆಲ್‌ಗೆ ನಾಲ್ಕು ಬೈಟ್ ಅಂದರೆ 82,94,400 ಬೈಟ್. ಸುಮಾರು 8.3 ಎಂಬಿ. ಸೆಕೆಂಡಿಗೆ 60 ಅಂದರೆ 498 ಎಂಬಿ, ಒಂದು ನಿಮಿಷಕ್ಕೆ ಹತ್ತಿರಹತ್ತಿರ 30 ಜಿಬಿ. ಹಾಗೇ ಇಡಲು ಆಗುವುದಿಲ್ಲ ಅನ್ನುವುದು ಗೊತ್ತಾಯ್ತಲ್ಲ. ಎರಡು ದಾರಿ ಇವೆ.

ಮೊದಲನೆಯದು ಫ್ರೇಮಿಗೊಂದು ಪಿಎನ್‌ಜಿ ಫೈಲ್. ಗುಣಮಟ್ಟ ಒಂದಿಷ್ಟೂ ಕಳೆಯುವುದಿಲ್ಲ, ದೃಶ್ಯ ಸರಳವಾಗಿದ್ದರೆ ಜಾಗವೂ ಬಹಳ ಉಳಿಯುತ್ತದೆ. ದೊಡ್ಡ ಅನುಕೂಲ ಬೇರೆಯೇ ಇದೆ: ಕರೆಂಟ್ ಹೋಗಲಿ, ಪ್ರೋಗ್ರಾಂ ಬೀಳಲಿ, ಅಲ್ಲಿಯವರೆಗೆ ಬರೆದದ್ದು ಉಳಿದಿರುತ್ತದೆ. 2,000ನೇ ಫ್ರೇಮಿಗೆ ನಿಂತಿದ್ದರೆ 2,001ರಿಂದ ಮುಂದುವರಿಸಬಹುದು. ಬ್ಲೆಂಡರ್ ಬಳಸುವವರು ದೊಡ್ಡ ರೆಂಡರ್‌ಗಳನ್ನು ನೇರವಾಗಿ ವಿಡಿಯೋ ಮಾಡದೆ ಚಿತ್ರಗಳ ಸರಣಿಯಾಗಿ ತೆಗೆಯುವುದು ಇದಕ್ಕೇ. ಪ್ರೊಸೆಸಿಂಗ್‌ನಲ್ಲಿ ಸೇವ್‌ಫ್ರೇಮ್ ಅನ್ನುವ ಫಂಕ್ಷನ್ ಇದೇ ಕೆಲಸ ಮಾಡುತ್ತದೆ. ಫೈಲ್ ಹೆಸರಿನಲ್ಲಿ ಸಂಖ್ಯೆಗೆ ಮುಂದೆ ಸೊನ್ನೆ ಹಾಕಿ 00001, 00002 ಅಂತ ಬರೆಯುವುದನ್ನು ಮರೆಯಬೇಡಿ. ಸೊನ್ನೆ ಇಲ್ಲದಿದ್ದರೆ ಅಕ್ಷರದ ಕ್ರಮದಲ್ಲಿ ಜೋಡಿಸುವ ಎಷ್ಟೋ ಸಾಧನಗಳು 2ಕ್ಕಿಂತ ಮೊದಲು 10 ಇಡುತ್ತವೆ, ವಿಡಿಯೋ ಹಿಂದೆಮುಂದೆ ಕುಣಿಯುತ್ತದೆ. ಬಣ್ಣವನ್ನು ಆಮೇಲೆ ತಿದ್ದುವ ಯೋಚನೆ ಇದ್ದರೆ ಪಿಎನ್‌ಜಿ ಬದಲು ಓಪನ್‌ಇಎಕ್ಸ್‌ಆರ್ ನೋಡಿ. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್‌ನವರು ಮಾಡಿ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ಅದು. 255ರ ಮಿತಿ ಅದಕ್ಕಿಲ್ಲ.

ಎರಡನೆಯ ದಾರಿ ಪೈಪ್. ನಿಮ್ಮ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್ ಅನ್ನು ಪಕ್ಕದಲ್ಲಿ ಶುರು ಮಾಡಿ, ಅದರ ಇನ್‌ಪುಟ್‌ಗೆ ಪಿಕ್ಸೆಲ್ ಬೈಟ್‌ಗಳನ್ನು ಸುರಿಯುತ್ತಾ ಹೋಗುತ್ತದೆ. ನಡುವೆ ಯಾವ ಫೈಲೂ ಇಲ್ಲ. ಎನ್‌ಕೋಡರ್, ಅಂದರೆ ವಿಡಿಯೋ ಕುಗ್ಗಿಸುವ ಭಾಗ, ನಿಧಾನವಾದರೆ ಪೈಪ್ ತುಂಬಿ ನಿಮ್ಮ ಪ್ರೋಗ್ರಾಂ ತಾನಾಗಿ ಕಾಯುತ್ತದೆ, ಗಡಿಯಾರ ನಿಮ್ಮ ಕೈಯಲ್ಲಿರುವುದರಿಂದ ಅದರಿಂದ ಏನೂ ನಷ್ಟ ಇಲ್ಲ. ಬರೀ ಬೈಟ್‌ಗಳಲ್ಲಿ ಅಳತೆಯ ಸುಳಿವೇ ಇರುವುದಿಲ್ಲವಾದ್ದರಿಂದ ಮೂರು ವಿಷಯ ಎಫ್‌ಎಫ್‌ಎಂಪೆಗ್‌ಗೆ ನೀವೇ ಹೇಳಬೇಕು: ಪಿಕ್ಸೆಲ್ ಯಾವ ರೂಪದಲ್ಲಿದೆ, ಅಗಲ ಎತ್ತರ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್. ಇವನ್ನು ಇನ್‌ಪುಟ್ ಹೆಸರಿಗಿಂತ ಮುಂಚೆ ಬರೆಯಬೇಕು. ಆಮೇಲೆ ಬರೆದರೆ ಅವು ಔಟ್‌ಪುಟ್‌ಗೆ ಹೋಗಿ ಸೇರುತ್ತವೆ. ಫ್ರೇಮ್ ವೇಗ ಹೇಳದಿದ್ದರೆ ಅದು 25 ಅಂದುಕೊಳ್ಳುತ್ತದೆ, ಆಗ ನಿಮ್ಮ ಹತ್ತು ಸೆಕೆಂಡಿನ 600 ಫ್ರೇಮ್‌ಗಳು 24 ಸೆಕೆಂಡ್ ಎಳೆಯುತ್ತವೆ. ಪಿಎನ್‌ಜಿ ಸರಣಿಯನ್ನು ಜೋಡಿಸುವಾಗಲೂ ಇದೇ 25.

ವಿಂಡೋಸ್‌ನಲ್ಲಿ ಪೈಪ್ ತೆರೆಯುವಾಗ ಬೈನರಿ ಮೋಡ್ ಅಂತ ಹೇಳಲೇಬೇಕು. ಹೇಳದಿದ್ದರೆ ಬೆಲೆ 10 ಇರುವ ಪ್ರತಿ ಬೈಟನ್ನೂ ಅದು ಸಾಲಿನ ಕೊನೆ ಅಂತ ತಿಳಿದು ಅದಕ್ಕಿಂತ ಮೊದಲು 13 ಅನ್ನುವ ಬೈಟ್ ಒಂದನ್ನು ಸೇರಿಸುತ್ತದೆ. ಚಿತ್ರದಲ್ಲಿ ಕಡುಗಪ್ಪಿನ ಹತ್ತಿರದ ಬಣ್ಣ ಇರುವ ಕಡೆಯೆಲ್ಲ ಈ ಹತ್ತು ಸಿಗುತ್ತದೆ. ಒಂದೊಂದು ಸಲವೂ ಇಡೀ ಚಿತ್ರ ಒಂದು ಬೈಟ್ ಮುಂದೆ ಸರಿಯುತ್ತದೆ. ಮೊದಲ ಫ್ರೇಮ್ ಸರಿ ಇದ್ದು ಹೋಗ್ತಾ ಹೋಗ್ತಾ ಬಣ್ಣ ಕಲಸಿ ಚಿತ್ರ ಉರುಳುತ್ತಿದ್ದರೆ ಕಾರಣ ಇದೇ ಇರುತ್ತದೆ.

ಇಂಥ ದಾರಿಯಲ್ಲಿ ಹೋಗುವವರು ಔಟ್‌ಪುಟ್‌ಗೆ ಎಂಪಿ4 ಬದಲು ಎಂಕೆವಿ ಇಟ್ಟುಕೊಳ್ಳಿ. ಮಾಮೂಲಿ ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ಕೊನೆಗೆ ಬರೆಯುತ್ತಾರೆ, ಮಧ್ಯದಲ್ಲಿ ನಿಂತುಹೋದರೆ ಆ ಪಟ್ಟಿಯೇ ಇಲ್ಲದೆ ಫೈಲ್ ತೆರೆಯುವುದಿಲ್ಲ. ಎಂಕೆವಿ ಮಧ್ಯದಲ್ಲಿ ನಿಂತರೂ ಅಲ್ಲಿಯವರೆಗಿನದು ಓಡುತ್ತದೆ. ಬೇಕಾದಾಗ ಮತ್ತೆ ಎನ್‌ಕೋಡ್ ಮಾಡದೆ ಎಂಪಿ4ಗೆ ಬದಲಿಸಿಕೊಳ್ಳಬಹುದು.

ಬಣ್ಣ ಮತ್ತು ಕುಗ್ಗಿಸುವಿಕೆ

ನಿಮ್ಮ ಫ್ರೇಮ್ ಕೆಂಪು-ಹಸಿರು-ನೀಲಿಯಲ್ಲಿದೆ. ವಿಡಿಯೋ ಹಾಗಿರುವುದಿಲ್ಲ. ಅದು ಬೆಳಕಿನ ಪ್ರಮಾಣ ಒಂದು, ಬಣ್ಣ ಹೇಳುವ ಬೆಲೆ ಎರಡು, ಹೀಗೆ ಬೇರ್ಪಡಿಸಿಕೊಳ್ಳುತ್ತದೆ. ನಮ್ಮ ಕಣ್ಣು ಬೆಳಕಿನ ವಿವರವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ವಿವರವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದಕ್ಕೇ ಎಲ್ಲೆಡೆ ಬಳಕೆಯಲ್ಲಿರುವ ವೈಯುವಿ420ಪಿ ಅನ್ನುವ ರೂಪದಲ್ಲಿ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಪಿಕ್ಸೆಲ್ ಸೇರಿ ಒಂದೇ ಬಣ್ಣ ಹಂಚಿಕೊಳ್ಳುತ್ತವೆ. ನಾಲ್ಕು ಪಿಕ್ಸೆಲ್‌ಗೆ 12 ಬೈಟ್ ಇದ್ದದ್ದು 6 ಆಯಿತು. ಕುಗ್ಗಿಸುವ ಕೆಲಸ ಶುರುವಾಗುವ ಮೊದಲೇ ಅರ್ಧ ಹೋಯಿತು, ನೋಡಿ.

ಕ್ಯಾಮೆರಾದಲ್ಲಿ ತೆಗೆದ ದೃಶ್ಯಕ್ಕೆ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಗೊತ್ತಾಗುತ್ತದೆ. ನೀಲಿ ಹಿನ್ನೆಲೆಯ ಮೇಲೆ ಒಂದೇ ಪಿಕ್ಸೆಲ್ ಅಗಲದ ಕೆಂಪು ಗೆರೆ ಇದ್ದರೆ ಅದರ ಬಣ್ಣ ಪಕ್ಕದ ನೀಲಿಯ ಜೊತೆ ಬೆರೆತು ಮಂಕು ನೇರಳೆ ಆಗುತ್ತದೆ. ಶುರುವಿನಲ್ಲಿ ಹೇಳಿದ ಕಲಸಿದ ಅಂಚುಗಳಿಗೆ ದೊಡ್ಡ ಕಾರಣ ಇದೇ. ಗೆರೆಗಳನ್ನು ಎರಡು ಮೂರು ಪಿಕ್ಸೆಲ್ ದಪ್ಪ ಮಾಡಿ, ಅಥವಾ ಇಡೀ ವಿಡಿಯೋವನ್ನೇ ದೊಡ್ಡ ಅಳತೆಯಲ್ಲಿ ತೆಗೆಯಿರಿ. ಬಣ್ಣವನ್ನು ಹಂಚದ 444 ಅನ್ನುವ ರೂಪವೂ ಇದೆ, ಆದರೆ ಎಷ್ಟೋ ಪ್ಲೇಯರ್‌ಗಳು, ಫೋನ್‌ಗಳು ಅದನ್ನು ಓಡಿಸುವುದಿಲ್ಲ. ಇಲ್ಲಿ ಎಚ್ಚರ ಬೇಕು: ಆರ್‌ಜಿಬಿ ಕೊಟ್ಟು ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಎಕ್ಸ್264 ಅನ್ನುವ ಎನ್‌ಕೋಡರ್‌ಗೆ ಈ 444 ರೂಪವನ್ನೇ ಆರಿಸಿಕೊಳ್ಳುತ್ತದೆ. ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತೆ, ಕಳಿಸಿದವರಿಗೆ ಓಡ್ತಿಲ್ಲ ಅನ್ನುವ ದೂರಿನ ಹಿಂದೆ ಇದು ಬಹಳ ಸಲ ಇರುತ್ತದೆ. ವೈಯುವಿ420ಪಿ ಅಂತ ಬಾಯಿಬಿಟ್ಟು ಹೇಳಿ. ಜೊತೆಗೆ ಅಗಲ ಎತ್ತರ ಎರಡೂ ಸಮಸಂಖ್ಯೆ ಇರಲಿ, ಎರಡೆರಡಾಗಿ ಹಂಚಬೇಕಲ್ಲ.

ಬಣ್ಣ ಸ್ವಲ್ಪ ಬೇರೆಯಾಗಿ ಕಾಣುವುದಕ್ಕೆ ಇನ್ನೊಂದು ಕಾರಣ ಲೆಕ್ಕದ ಸೂತ್ರ. ಆರ್‌ಜಿಬಿಯಿಂದ ಈ ರೂಪಕ್ಕೆ ಬದಲಿಸಲು ಹಳೆಯ ಟಿವಿ ಕಾಲದ ಬಿಟಿ.601 ಒಂದು, ಎಚ್‌ಡಿಗೆ ಬಂದ ಬಿಟಿ.709 ಇನ್ನೊಂದು. 601ರಲ್ಲಿ ಬದಲಿಸಿ ಫೈಲ್‌ನಲ್ಲಿ ಏನೂ ಬರೆಯದೆ ಬಿಟ್ಟರೆ, ಪ್ಲೇಯರ್ ದೊಡ್ಡ ಅಳತೆ ನೋಡಿ ಇದು 709 ಅಂದುಕೊಂಡು ಬಿಚ್ಚುತ್ತದೆ. ಹಸಿರು, ಕೆಂಪು ಎರಡೂ ಚೂರು ವಾಲುತ್ತವೆ. ಎಚ್‌ಡಿ ವಿಡಿಯೋಗೆ 709ರಲ್ಲೇ ಬದಲಿಸಿ, 709 ಅಂತ ಗುರುತನ್ನೂ ಹಾಕಿ. ಬರೀ ಗುರುತು ಹಾಕಿದರೆ ಸಾಲದು, ಎರಡೂ ಆಗಬೇಕು.

ಕುಗ್ಗಿಸಲು ಎಚ್.264 ಸಾಕು. 2003ರ ಮಾನದಂಡ, ಇವತ್ತಿಗೂ ಎಲ್ಲ ಕಡೆ ಓಡುವುದು ಅದೇ. ಎಕ್ಸ್264ನಲ್ಲಿ ಬಿಟ್‌ರೇಟ್ ಊಹಿಸುತ್ತಾ ಕೂರುವ ಬದಲು ಸಿಆರ್‌ಎಫ್ ಅನ್ನುವ ಗುಣಮಟ್ಟದ ಸೆಟ್ಟಿಂಗ್ ಬಳಸಿ. 0ಯಿಂದ 51ರವರೆಗೆ ಬೆಲೆ, ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಏನೂ ಹೇಳದಿದ್ದರೆ 23. ಆರು ಏರಿಸಿದರೆ ಫೈಲ್ ಸುಮಾರು ಅರ್ಧ ಆಗುತ್ತದೆ. ಗ್ರಾಫಿಕ್ಸ್‌ಗೆ ನಾನು 16ರಿಂದ 18 ಇಡುತ್ತೇನೆ, ಯಾಕೆಂದರೆ ವಿಡಿಯೋ ತಾಣಗಳು ಅದನ್ನು ಮತ್ತೊಮ್ಮೆ ಕುಗ್ಗಿಸುತ್ತವೆ, ಕೆಟ್ಟದ್ದನ್ನು ಕೊಟ್ಟರೆ ಇನ್ನೂ ಕೆಡುತ್ತದೆ. ಸಾವಿರಾರು ಮಿನುಗುವ ಕಣಗಳಿರುವ ದೃಶ್ಯ ಎಂಥ ಎನ್‌ಕೋಡರ್‌ಗೂ ಕಷ್ಟ. ಹಿಂದಿನ ಫ್ರೇಮ್‌ನಲ್ಲಿ ಇದ್ದದ್ದು ಈ ಫ್ರೇಮ್‌ನಲ್ಲಿ ಎಲ್ಲಿಗೆ ಸರಿಯಿತು ಅಂತ ಹುಡುಕುವುದೇ ಅದರ ಕೆಲಸ, ಎಲ್ಲ ಕಣಗಳೂ ಬೇರೆ ಬೇರೆ ಕಡೆ ಹಾರಿದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ನಯವಾದ ಆಕಾಶದಂಥ ಬಣ್ಣದ ಇಳಿಜಾರಿನಲ್ಲಿ ಪಟ್ಟೆಪಟ್ಟೆ ಕಂಡರೆ, ಶೇಡರ್‌ನಲ್ಲೇ 255ರ ಲೆಕ್ಕದಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದ ಸಣ್ಣ ನಾಯ್ಸ್ ಸೇರಿಸಿ.

ಚಲನೆಯ ಮಸುಕು

ಗಡಿಯಾರ ನಿಮ್ಮ ಕೈಯಲ್ಲಿರುವುದರಿಂದ ಸಿಗುವ ದೊಡ್ಡ ಉಡುಗೊರೆ ಇದು. ನಿಜವಾದ ಕ್ಯಾಮೆರಾದ ಶಟರ್ ಸ್ವಲ್ಪ ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಸರಿದದ್ದು ಮಸುಕಾಗುತ್ತದೆ. ನಿಮ್ಮ ಫ್ರೇಮ್ ಒಂದು ಕ್ಷಣದ್ದು, ಅಂಚು ಚೂಪಾಗಿರುತ್ತದೆ, ಅದಕ್ಕೇ 24 ಅಥವಾ 30ರ ವೇಗದಲ್ಲಿ ಹಾಕಿದಾಗ ಕಣ್ಣಿಗೆ ಕುಟುಕುತ್ತದೆ. ಒಂದು ಫ್ರೇಮಿನ ಸಮಯದ ಮೊದಲರ್ಧವನ್ನು 16 ಭಾಗ ಮಾಡಿ 16 ಚಿತ್ರ ಬಿಡಿಸಿ, ಸರಾಸರಿ ತೆಗೆದು ಒಂದೇ ಫ್ರೇಮ್ ಮಾಡಿ. ಸಿನಿಮಾದವರು 180 ಡಿಗ್ರಿ ಶಟರ್ ಅನ್ನುವುದು ಇದನ್ನೇ. ಸರಾಸರಿ ತೆಗೆಯುವುದು ಮಾತ್ರ ಲೀನಿಯರ್ ಬೆಳಕಿನಲ್ಲಿ, ಅಂದರೆ ನಿಜವಾದ ಬೆಳಕಿನ ಪ್ರಮಾಣದಲ್ಲಿ, ಆಗಬೇಕು. ಅರ್ಧ ಹೊತ್ತು ಪೂರ್ತಿ ಬಿಳಿ, ಅರ್ಧ ಹೊತ್ತು ಕಪ್ಪಾದ ಪಿಕ್ಸೆಲ್‌ಗೆ ಫೈಲಿನ ಬೆಲೆಗಳನ್ನೇ ಕೂಡಿಸಿ ಭಾಗಿಸಿದರೆ 128 ಬರುತ್ತದೆ. ಆ ಬೆಲೆಗಳು ಇರುವ ಎಸ್‌ಆರ್‌ಜಿಬಿ ರೂಪವನ್ನು ಬಿಚ್ಚಿ ಲೆಕ್ಕ ಮಾಡಿ ಮತ್ತೆ ಕಟ್ಟಿದರೆ 188. ಮೊದಲನೆಯದರಲ್ಲಿ ಓಡುವ ಬೆಳಕಿನ ಬಾಲ ಕೊಳಕು ಬೂದು ಬಣ್ಣಕ್ಕೆ ತಿರುಗುತ್ತದೆ, ಎರಡನೆಯದರಲ್ಲಿ ಬೆಳಕಾಗಿಯೇ ಉಳಿಯುತ್ತದೆ. ಕೆಲಸ 16 ಪಟ್ಟು ಆಯಿತು, ನಿಜ. ಆದರೆ ವಿಡಿಯೋದ ಮುಖವೇ ಬದಲಾಗುತ್ತದೆ. ಎಲ್ಲಕ್ಕೂ ಬೇಡ, ವೇಗವಾದ ಚಲನೆ ಇರುವ ಕಡೆ ಮಾಡಿ ನೋಡಿ.

ಶಬ್ದಕ್ಕೂ ಇದೇ ಲೆಕ್ಕ. ಫ್ರೇಮ್ ನಿಧಾನವಾಗಿ ಬರುತ್ತಿರುವಾಗ ಸ್ಪೀಕರ್‌ಗೆ ಹೋಗುವ ಶಬ್ದವನ್ನು ಹಿಡಿದರೆ ಎರಡೂ ಎಂದೂ ಸೇರುವುದಿಲ್ಲ. ಪ್ರತಿ ಫ್ರೇಮಿಗೂ ಅದರ ಪಾಲಿನ ಶಬ್ದದ ಮಾದರಿಗಳನ್ನು ಲೆಕ್ಕ ಮಾಡಿ ಒಂದು ವೇವ್ ಫೈಲಿಗೆ ಸೇರಿಸುತ್ತಾ ಹೋಗಿ. ಸೆಕೆಂಡಿಗೆ 48,000 ಮಾದರಿ, 60 ಫ್ರೇಮ್ ಅಂದರೆ ಫ್ರೇಮಿಗೆ ಸರಿಯಾಗಿ 800. 24 ಫ್ರೇಮ್ ಆದರೆ 2,000. ಅದೇ 44,100 ಇಟ್ಟುಕೊಂಡು 24ಕ್ಕೆ ಹೋದರೆ 1,837.5 ಬಂದು ಅರ್ಧ ಮಾದರಿಯ ಲೆಕ್ಕ ಇಟ್ಟುಕೊಳ್ಳಬೇಕಾಗುತ್ತದೆ, ಆದ್ದರಿಂದ 48,000ವೇ ವಾಸಿ. ಕೊನೆಗೆ ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡದೆ ಹಾಗೇ ನಕಲು ಮಾಡಿಕೊಂಡು ಶಬ್ದವನ್ನು ಪಕ್ಕಕ್ಕೆ ಜೋಡಿಸಿ.

ಇಡೀ ರಾತ್ರಿಯ ರೆಂಡರ್‌ಗೆ ಬಿಡುವ ಮುಂಚೆ ಎರಡು ಸೆಕೆಂಡಿನ ಒಂದು ಪರೀಕ್ಷೆ ತೆಗೆಯಿರಿ. ಮೇಲಿನ ಎಡ ಮೂಲೆಯಲ್ಲಿ ಕೆಂಪು ಚೌಕ, ಮೇಲಿನ ಬಲದಲ್ಲಿ ನೀಲಿ, ನಡುವೆ ದೊಡ್ಡದಾಗಿ ಫ್ರೇಮ್ ಸಂಖ್ಯೆ. ಎಂಪಿವಿ ಪ್ಲೇಯರ್‌ನಲ್ಲಿ ಚುಕ್ಕೆ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಚೌಕಗಳು ಕೆಳಗೆ ಕಂಡರೆ ಚಿತ್ರ ತಲೆಕೆಳಗಾಗಿದೆ, ಮೇಲೇ ಇದ್ದು ಬಣ್ಣ ಬದಲಾಗಿದ್ದರೆ ಕ್ರಮ ತಪ್ಪಿದೆ, ಸಂಖ್ಯೆ ಎರಡು ಸಲ ಬಂದರೆ ಅಥವಾ ಒಂದು ಹಾರಿದರೆ ಎಲ್ಲೋ ಗಡಿಯಾರ ಇನ್ನೂ ಉಳಿದಿದೆ. ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್‌ನಿಂದ ಫ್ರೇಮ್ ಎಣಿಸಿ 120 ಬಂತಾ ನೋಡಿ. 119 ಬಂದರೆ ಕೊನೆಯ ಫ್ರೇಮ್ ಬರೆದ ಮೇಲೆ ಪೈಪ್ ಸರಿಯಾಗಿ ಮುಚ್ಚಿದ್ದೀರಾ, ಎಫ್‌ಎಫ್‌ಎಂಪೆಗ್ ಮುಗಿಸುವವರೆಗೆ ಕಾದಿದ್ದೀರಾ ಅಂತ ಹುಡುಕಿ. ಆಮೇಲೆ ಅದೇ ಫೈಲನ್ನು ಬೇರೆ ಒಂದು ಫೋನ್‌ನಲ್ಲಿ ಹಾಕಿ ನೋಡಿ, ಅಲ್ಲಿಯೂ ಓಡಿತು ಅಂದಮೇಲೆ ದೊಡ್ಡ ರೆಂಡರ್ ಶುರು ಮಾಡಿ.